ಅಡುಗೆಮನೆಯ ತಣ್ಣನೆ ಗೂಡು

"ಬುರುಲ್ಕಾನ್ ಎಜೆ, ಇಡೀ ಕಟ್ಟಡದಲ್ಲಿ ನಿಮ್ಮದೊಂದೇ ಸಹಿ ಬಾಕಿ," ಎಂದು ಪುರಸಭೆಯ ಹುಡುಗಿ ಐಜಾರ್ಕಿನ್ ನಾಲ್ಕನೇ ಸಲ ಹೇಳಿದಳು. "ನಾಳೆಯೊಳಗೆ ಕಾಗದ ಕೊಡ್ಲಿಲ್ಲ ಅಂದ್ರೆ ನಿಮ್ಮ ಸರದಿ ಪಕ್ಕದ ಕಟ್ಟಡಕ್ಕೆ ಹೋಗತ್ತೆ."

ಬುರುಲ್ಕಾನ್ ಕಾಗದದ ಕಡೆ ತಿರುಗಿಯೂ ನೋಡಲಿಲ್ಲ. "ಗೋಡೆಗೆ ಚಳಿ ತಡೆಯೋ ಹೊದಿಕೆ ಹಾಕಿ, ಛಾವಣಿ ಮೇಲೆ ಸೋಲಾರ್ ಕೂರ್ಸಿ, ಯಾರು ಬೇಡ ಅಂದ್ರು? ನನ್ನ ಗೂಡಿನ ತಂಟೆಗೆ ಮಾತ್ರ ಬರ್ಬೇಡಿ."

"ಆ ಗೂಡೇ ದೊಡ್ಡ ತೂತು! ಬಿಸಿಯೆಲ್ಲ ಅಲ್ಲಿಂದ್ಲೇ ಸೋರೋದು."

ಅಡುಗೆಮನೆಯ ಕಿಟಕಿಯ ಕೆಳಗೆ, ಹೊರಗೋಡೆಯನ್ನೇ ತೆಳ್ಳಗೆ ಕೊರೆದು ಮಾಡಿದ ಗೂಡು ಅದು. ನರಿನ್ ಊರಿನ ಚಳಿಯೆಂದರೆ ಸಾಮಾನ್ಯವೇ! ಡಿಸೆಂಬರಿನಲ್ಲಿ ಇಟ್ಟ ಮಾಂಸ ಮಾರ್ಚಿನವರೆಗೂ ಕಲ್ಲು. ಅದರಲ್ಲೂ ನೆಲಮಹಡಿಯ ಈ ಮೂಲೆಗೆ ನದಿಯ ಗಾಳಿ ನೇರ ಬಡಿಯುವುದರಿಂದ ಇಷ್ಟು ತಣ್ಣನೆಯ ಗೂಡು ಇನ್ನೊಂದಿರಲಿಲ್ಲ. ಚಳಿಗಾಲಕ್ಕೆಂದು ಕುದುರೆ ಕಡಿದವರೆಲ್ಲ ಮಾಂಸವನ್ನು ಕರುಳಿಗೆ ತುಂಬಿ, ಕಜಿ ಮಾಡಿ ತಂದು ಇಲ್ಲೇ ಇಡುತ್ತಿದ್ದರು. ಗುರುತಿಗೆ ಒಂದೊಂದು ಮನೆಯದು ಒಂದೊಂದು ಬಣ್ಣದ ದಾರ. ಸಂಜೆಯಾದರೆ ಸಾಕು, ಬಾಗಿಲು ಬಡಿತ: "ನಮ್ಮ ಹಸಿರು ದಾರದ್ದು ಕೊಡಿ, ನೆಂಟರು ಬಂದಿದಾರೆ!" ಕೊಟ್ಟು ಕಳಿಸುವಷ್ಟರಲ್ಲಿ ಊರ ಸುದ್ದಿಯೆಲ್ಲ ಹೊಸ್ತಿಲ ಮೇಲೆ ಮುಗಿಯುತ್ತಿತ್ತು. ಎಂಥ ದಿನಗಳವು!

ಆಮೇಲೆ ಒಬ್ಬೊಬ್ಬರೇ ಫ್ರಿಜ್ ತಂದರು. ಬುರುಲ್ಕಾನಳ ಗಂಡನೂ ತೀರಿಕೊಂಡ. ಈಗ ಉಳಿದಿರುವುದು ಎರಡೇ ಬಣ್ಣ: ಇವಳ ಬಿಳಿ, ಮೇಲಿನ ಮನೆಯ ತುರ್ದುಬಾಯ್‌ನ ಕೆಂಪು. ಹೆಂಡತಿ ಸತ್ತ ಆ ಮುದುಕ ಪ್ರತಿ ಶುಕ್ರವಾರ ಬಂದು, ಬಾಗಿಲಲ್ಲೇ ನಿಂತು ಅರ್ಧ ಗಂಟೆ ಜಗಳವಾಡಿ, ಕಜಿ ಹಿಡಿದು ಹೋಗುತ್ತಾನೆ. ಗೂಡು ಮುಚ್ಚಿದರೆ ಅವನಾದರೂ ಯಾಕೆ ಬಂದಾನು? ಬುರುಲ್ಕಾನಳ ಸಂಕಟವೆಲ್ಲ ಇದೇ. ಈ ವಯಸ್ಸಿನಲ್ಲಿ ಬಾಯಿಬಿಟ್ಟು ಹೇಳುವ ಮಾತೇ ಅದು!

ಅಷ್ಟರಲ್ಲಿ ಅವನೇ ಕೆಮ್ಮುತ್ತ ಇಳಿದು ಬಂದ. "ಇನ್ನೂ ಹಾಕಿಲ್ವಾ ಸಹಿ? ಎಂಥ ಹಟಮಾರಿ ಹೆಂಗಸು!"

"ನೀನು ಬಂದೆಯಾ ಬುದ್ಧಿ ಹೇಳೋಕೆ," ಎಂದಳು ಬುರುಲ್ಕಾನ್.

"ತುರ್ದುಬಾಯ್ ಅತಾ, ನೀವಾದ್ರೂ ಹೇಳಿ," ಎಂದಳು ಹುಡುಗಿ. "ಈ ಗೂಡಿನ ಮೇಲೇ ಅಲ್ವಾ ನಿಮ್ಮ ಅಡುಗೆಮನೆ? ನಾನು ಅಳತೆಗೆ ಬಂದಾಗ ಚಳಿಗೆ ನೆಲಕ್ಕೆ ಕಾಲಿಡೋಕಾಗ್ಲಿಲ್ಲ. ಮನೆಯೊಳಗೂ ಬೂಟು ಹಾಕ್ಕೊಂಡು ಕೂತಿದ್ರಿ!"

ಬುರುಲ್ಕಾನ್ ದಂಗಾದಳು. ತನ್ನ ಗೂಡಿನ ಚಳಿ ಅವನ ಕೆಮ್ಮಾಗಿದ್ದು ಅವಳಿಗೆ ಹೊಳೆದೇ ಇರಲಿಲ್ಲ. "ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮುಚ್ಚಿಸಿಬಿಡ್ತಿದ್ದೆ," ಎಂದ ತುರ್ದುಬಾಯ್, ಗೋಡೆ ನೋಡುತ್ತ.

ಅವಳು ಪೆನ್ನು ಕಸಿದುಕೊಂಡು ಸಹಿ ಹಾಕಿದಳು. ಅಕ್ಷರ ಸೊಟ್ಟಗಾಯಿತು. ಮನಸ್ಸು ಬದಲಾದೀತೆಂದು ಹುಡುಗಿ ಕಾಗದ ಎತ್ತಿಕೊಂಡು ಓಡಿಯೇ ಹೋದಳು.

ಬುರುಲ್ಕಾನ್ ಮಂಡಿಯೂರಿ ಗೂಡಿಗೆ ಕೈ ಹಾಕಿ ಕೆಂಪು ದಾರದ ಮೂರು ಕಜಿ ತೆಗೆದಳು. ಕಣ್ಣು ತುಂಬಿ ಬಂತು. "ತಗೋ ನಿನ್ನದನ್ನ. ನಿನ್ನ ಮಗಳ ಮನೆ ಫ್ರಿಜ್‌ನಲ್ಲಿ ಇಟ್ಕೋ. ಇನ್ನು ಇಲ್ಲೀವರೆಗೂ ಇಳಿದು ಬರೋ ಕಷ್ಟ ಬೇಡ."

ಅವನು ಕೈ ಚಾಚಲಿಲ್ಲ. "ನನ್ನದು ಜನವರಿಗೇ ಮುಗೀತು, ಬುರುಲ್ಕಾನ್."

"ಏನಂದೆ?"

"ದಾರ ಕೆಂಪಾದ್ರೆ ಸಾಕಾ? ನಾನು ಮೂರು ಸುತ್ತು ಸುತ್ತಿ ಗಂಟು ಹಾಕೋನು. ಇದು ನಿನ್ನ ಎರಡು ಸುತ್ತು. ಪ್ರತಿ ವರ್ಷ ಅರ್ಧ ಚಳಿಗಾಲ ನಿನ್ನ ಕುದುರೇನೇ ತಿಂದಿದೀನಿ."

ಅವಳ ಮುಖಕ್ಕೆ ರಕ್ತವೆಲ್ಲ ನುಗ್ಗಿತು. "ಗೊತ್ತಿದ್ದೂ ಬರ್ತಿದ್ದೆಯಾ? ನಾಚಿಕೆ ಇಲ್ವಾ ನಿಂಗೆ?"

"ಇದ್ದಿದ್ರೆ ಬರ್ತಿದ್ನಾ?" ಎಂದು ಅವನು ನಕ್ಕ. ನಗು ಕೆಮ್ಮಿಗೆ ತಿರುಗಿತು. ಕೆಮ್ಮು ನಿಂತ ಮೇಲೂ ಹೊರಡಲಿಲ್ಲ, ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ. "ಚಹಾ ಇದ್ಯಾ?"

ಅವಳು ಒಳಗೆ ಕುರ್ಚಿ ಎಳೆದು ಹಾಕಿದಳು. ಬಟ್ಟಲು ತುಂಬಿಸಿ ಕೊಟ್ಟರೆ, ಕುಡಿದು ಹೊರಡು ಎಂದರ್ಥ ಆ ಊರಲ್ಲಿ. ಅವಳು ಚಹಾ ಕುದಿಸಿ, ಹಾಲು ಬೆರೆಸಿ, ಬಟ್ಟಲಿಗೆ ಎರಡೇ ಗುಟುಕಿನಷ್ಟು ಸುರಿದಳು. ಅವನು ಕುಡಿದು ಬಟ್ಟಲು ಚಾಚಿದ. ಅವಳು ಮತ್ತೆ ಎರಡೇ ಗುಟುಕು ಸುರಿದಳು.