ಎರಡನೇ ಎಣಿಕೆ

ನಾನು ಮ್ಯಾನೇಜ್‌ಮೆಂಟ್ ಪಾಠ ಹೇಳಲು ಶುರು ಮಾಡಿದಾಗ ನನಗೆ ಮೂವತ್ತೊಂಬತ್ತು ವರ್ಷ. ಅದಕ್ಕೆ ಮೊದಲು ಹಲ್ಲಿನ ಡಾಕ್ಟರೊಬ್ಬರ ಬಳಿ ಫೋನ್ ಎತ್ತಿದ್ದೆ, ಆಸ್ಪತ್ರೆಯ ಲಾಂಡ್ರಿಯಲ್ಲಿ ಒಗೆದ ಬಟ್ಟೆ ಎಣಿಸಿದ್ದೆ, ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗ ನೋಡಿಕೊಂಡಿದ್ದೆ, ಬಸ್ ಕಂಪನಿಯೊಂದರಲ್ಲಿ ಡ್ರೈವರುಗಳ ಪಾಳಿಯ ಪಟ್ಟಿ ಬರೆದಿದ್ದೆ. ಓದಿದ್ದೆಲ್ಲ ಸಂಜೆ ಕಾಲೇಜಿನಲ್ಲಿ. ಈ ನಾಲ್ಕೂ ಕಡೆಯ ಅನುಭವ ಪತ್ರಗಳು ಒಂದು ನೀಲಿ ಫೈಲಿನಲ್ಲಿವೆ. ಲಾಂಡ್ರಿಯ ಪತ್ರದಲ್ಲಿ ಒಂದು ಸಾಲು: ‘ಎರಡು ವರ್ಷದ ಅವಧಿಯಲ್ಲಿ ಇವರ ಎಣಿಕೆಯಲ್ಲಿ ಒಂದು ತಪ್ಪೂ ಕಂಡುಬಂದಿಲ್ಲ.’ ಮನೆಗೆ ಬೀಗ ಹಾಕಿ, ಅರ್ಧ ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುವವಳು ನಾನು. ಹಾಗಾಗಿ ಆ ಸಾಲಿನ ಮೇಲೆ ನನಗೆ ವಿಶೇಷ ಪ್ರೀತಿ ಇತ್ತು.

ಕಾಲೇಜಿನಲ್ಲಿ ನನ್ನದು ಗುತ್ತಿಗೆಯ ಕೆಲಸ. ಪ್ರತಿ ಮಾರ್ಚ್ ತಿಂಗಳಲ್ಲಿ ಒಂದು ಕಾಗದ ಬರುತ್ತದೆ. ಇನ್ನೊಂದು ವರ್ಷ ಮುಂದುವರಿಸಲಾಗಿದೆ ಎಂದು. ಎಂಟು ಮಾರ್ಚ್‌ಗಳನ್ನು ಹೀಗೇ ದಾಟಿದ್ದೆ. ಫೆಬ್ರವರಿ ಬಂದರೆ ನನಗೆ ಊಟ ಸೇರುವುದಿಲ್ಲ. ಎಂಟನೇ ವರ್ಷ ಖಾಯಂ ಹುದ್ದೆಯೊಂದು ಖಾಲಿಯಾಯಿತು. ಅರ್ಜಿ ಹಾಕಿದವರಲ್ಲಿ ಮೂವರನ್ನು ಆರಿಸಿದರು. ಸಮಿತಿಯ ಮುಂದೆ ಪ್ರತಿಯೊಬ್ಬರೂ ನಲವತ್ತು ನಿಮಿಷ ಪಾಠ ಮಾಡಬೇಕು, ಎದುರಿಗೆ ನಿಜವಾದ ವಿದ್ಯಾರ್ಥಿಗಳೇ ಇರುತ್ತಾರೆ ಎಂದು ತಿಳಿಸಿದರು.

ಯಾವ ಪಾಠ ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಎಂಟು ವರ್ಷಗಳಿಂದ ಒಮ್ಮೆಯೂ ಕೈಕೊಡದ ಪಾಠ ಒಂದಿತ್ತು.

ಲಾಂಡ್ರಿಯಲ್ಲಿ ನಮ್ಮ ಮೇಲ್ವಿಚಾರಕಿಯಾಗಿದ್ದವರನ್ನು ನಾವು ಡಬಲ್ ಅಕ್ಕ ಎನ್ನುತ್ತಿದ್ದೆವು. ನಾವು ಒಂಬತ್ತು ಜನ ವಾರ್ಡುಗಳಿಗೆ ಹೋಗುವ ಹೊದಿಕೆ, ದಿಂಬಿನ ಚೀಲಗಳನ್ನು ಎಣಿಸಿ ಗಂಟು ಕಟ್ಟಿ ಚೀಟಿ ಬರೆಯುತ್ತಿದ್ದೆವು. ಅಷ್ಟಾದ ಮೇಲೆ ಡಬಲ್ ಅಕ್ಕ ಬಂದು, ಕನ್ನಡಕವನ್ನು ಹಣೆಗೆ ಏರಿಸಿ, ‘ಇನ್ನೊಂದ್ ಸಲ’ ಎನ್ನುತ್ತಿದ್ದರು. ಗಂಟು ಬಿಚ್ಚಿ, ಒಬ್ಬರದನ್ನು ಇನ್ನೊಬ್ಬರು ಎಣಿಸಬೇಕು. ದಿನಾ ನಲವತ್ತು ನಿಮಿಷ. ಇದನ್ನು ನಾನು ತರಗತಿಯಲ್ಲಿ ನಟಿಸಿ ತೋರಿಸುತ್ತಿದ್ದೆ. ಕನ್ನಡಕ ಹಣೆಗೇರುವಾಗ ಮೊದಲ ನಗು, ‘ಇನ್ನೊಂದ್ ಸಲ’ ಎನ್ನುವಾಗ ಎರಡನೆಯದು. ಆಮೇಲೆ ಬೋರ್ಡಿನ ಮೇಲೆ ಒಂಬತ್ತು ಗುಣಿಸು ನಲವತ್ತು ಎಂದು ಬರೆದು, ದಿನಕ್ಕೆ ಆರು ಗಂಟೆಯ ದುಡಿಮೆ ದಂಡ ಎಂದು ತೋರಿಸುತ್ತಿದ್ದೆ. ಯಾವುದೋ ಕಾಲದಲ್ಲಿ ಯಾರೋ ಮಾಡಿದ ನಿಯಮ, ಕಾರಣ ಯಾರಿಗೂ ನೆನಪಿಲ್ಲ, ಆದರೂ ನಡೆಯುತ್ತಿದೆ, ನಿಮ್ಮ ಕಚೇರಿಗಳಲ್ಲಿ ಇಂಥವನ್ನು ಹುಡುಕಿ ಎಂದು ಮುಗಿಸುತ್ತಿದ್ದೆ. ಓದು ಮುಗಿಸಿ ಹೋದವರು ದಾರಿಯಲ್ಲಿ ಸಿಕ್ಕರೆ ನಮಸ್ಕಾರಕ್ಕೆ ಮೊದಲು ‘ಇನ್ನೊಂದ್ ಸಲ’ ಎನ್ನುತ್ತಿದ್ದರು.

ಸಮಿತಿಯ ಕಾಗದದಲ್ಲಿ ಒಂದು ಷರತ್ತಿತ್ತು. ನಿಜವಾದ ಕೆಲಸದ ಜಾಗದ ಉದಾಹರಣೆ ಕೊಡುವುದಾದರೆ, ಅಲ್ಲಿದ್ದವರೊಬ್ಬರ ಲಿಖಿತ ಒಪ್ಪಿಗೆ ಬೇಕು. ಬೇರೆಯವರಾಗಿದ್ದರೆ ಇಂಥದ್ದನ್ನು ಓದಿ ಬಿಡುತ್ತಿದ್ದರೋ ಏನೋ. ನಾನು ಮೂರು ಜನರನ್ನು ವಿಚಾರಿಸಿ ಡಬಲ್ ಅಕ್ಕನ ವಿಳಾಸ ಹುಡುಕಿದೆ. ಗುರುವಾರ ಮಧ್ಯಾಹ್ನ ಹೋದೆ. ಕೈಗಡಿಯಾರ ರಿಪೇರಿ ಅಂಗಡಿಯೊಂದರ ಮೇಲೆ ಎರಡು ಕೋಣೆಯ ಮನೆ. ಬಾಗಿಲು ತೆರೆದೇ ಇತ್ತು.

“ಬಾ ಮೇಡಂ, ಕಾಲು ಒರೆಸ್ಕೊಂಡು ಬಾ. ಈಗ ತಾನೇ ನೆಲ ಒರೆಸಿದೀನಿ.”

“ಗುರುತು ಸಿಕ್ತಾ ಅಕ್ಕ?”

“ಸಿಗದೆ ಏನು? ಮೆಟ್ಟಿಲಲ್ಲಿ ಎರಡು ಸಲ ನಿಂತು ನಿಂತು ಬಂದ್ಯಲ್ಲ, ಆಗಲೇ ಗೊತ್ತಾಯ್ತು.”

ಅವರಿಗೆ ಎಪ್ಪತ್ತು ದಾಟಿರಬೇಕು. ಕನ್ನಡಕ ಹಣೆಯ ಮೇಲೇ ಇತ್ತು. ಒಣಗಿದ ಬಟ್ಟೆಗಳ ರಾಶಿಯಿಂದ ಒಂದು ಹೊದಿಕೆ ಎಳೆದು, ಎರಡು ತುದಿಗಳನ್ನು ನನ್ನ ಕೈಗೆ ಕೊಟ್ಟರು. “ಆ ಕಡೆ ಹಿಡಿ. ಬಂದವರನ್ನ ಸುಮ್ನೆ ಕೂರಿಸೋ ಅಭ್ಯಾಸ ನಂಗಿಲ್ಲ.”

ಹಿಡಿದೆ. ಇಬ್ಬರೂ ಹಿಂದಕ್ಕೆ ಸರಿದು ಬಟ್ಟೆ ಬಿಗಿ ಮಾಡಿದೆವು.

“ನಮ್ಮಣ್ಣನ ಮೊಮ್ಮಗಳು ನಿಮ್ಮ ಕಾಲೇಜಲ್ಲೇ ಓದಿದ್ದು,” ಎಂದರು. “ನನ್ನ ಪಾಠ ಮಾಡ್ತೀಯಂತೆ. ಹುಡುಗರು ಬಿದ್ದು ಬಿದ್ದು ನಗ್ತಾರಂತೆ.”

ನನ್ನ ಕೈಯಿಂದ ಒಂದು ತುದಿ ಜಾರಿತು. “ಹೆಸರು ಎಲ್ಲೂ ಹೇಳಿಲ್ಲ ಅಕ್ಕ.”

“ಹೇಳಿದ್ರೆ ನಂಗೇನು ನಷ್ಟ? ಎತ್ತು, ನೆಲಕ್ಕೆ ತಾಗತ್ತೆ.” ತುದಿಗೆ ತುದಿ ಸೇರಿಸಲು ಎದುರು ಬಂದರು. “ಆ ನಿಯಮ ಎಲ್ಲಿಂದ ಬಂತು ಅಂತ ಹೇಳ್ತೀಯ ಅವರಿಗೆ?”

“ಹಳೆಯವರು ಯಾರೋ ಮಾಡಿದ್ದು ಅಂತ.”

“ಯಾವ ಹಳೆಯವರೂ ಅಲ್ಲ. ನಾನು ಮಾಡಿದ್ದು. ನೀನು ಸೇರಿದ ಎರಡನೇ ವಾರ.”

ನಾನು ಸೇರಿದ ದಿನದಿಂದಲೇ ಎರಡನೇ ಎಣಿಕೆ ಇತ್ತೆಂದು ನನ್ನ ನೆನಪು. ಹೊಸದಾಗಿ ಸೇರಿದವರಿಗೆ ಮೊದಲ ವಾರಗಳ ಎಲ್ಲವೂ ಹುಟ್ಟಿದಾಗಿನಿಂದ ಇದ್ದಂತೆಯೇ ಕಾಣುತ್ತದೆ. ಅವರು ಇನ್ನೊಂದು ಹೊದಿಕೆ ತೆಗೆದರು.

“ಮೊದಲ ವಾರ ನೀನು ಕಟ್ಟಿದ ಗಂಟುಗಳಲ್ಲಿ ಅರ್ಧಕ್ಕರ್ಧ ತಪ್ಪು. ಒಂದರಲ್ಲಿ ಎರಡು ಕಮ್ಮಿ, ಇನ್ನೊಂದರಲ್ಲಿ ಮೂರು ಜಾಸ್ತಿ. ಆಪರೇಷನ್ ಥಿಯೇಟರಿಗೆ ಹಸಿರು ಬಟ್ಟೆ ಸಾಲದೆ ನರ್ಸಮ್ಮ ಮೂರು ಅಂತಸ್ತು ಇಳಿದು ಬಂದು ನನ್ನ ಜನ್ಮ ಜಾಲಾಡಿದ್ಲು. ಆ ಹೊಸ ಹುಡುಗೀನ ಶನಿವಾರ ಕಳಿಸಿಬಿಡಿ ಅಂದ್ರು ಮ್ಯಾನೇಜರು.”

“ನಂಗೆ ಯಾರೂ ಹೇಳಲೇ ಇಲ್ಲ.”

“ಹೇಳಿದ್ರೆ ಇನ್ನೂ ನಾಲ್ಕು ತಪ್ಪು ಮಾಡ್ತಿದ್ದೆ. ಎಣಿಸೋಕೆ ಬರ್ತಿರ್ಲಿಲ್ಲ ಅಂತಲ್ಲ. ಬಾಗಿಲ ಹತ್ರ ಟ್ರಾಲಿ ಸದ್ದಾದ್ರೆ ಸಾಕು, ತಲೆ ಎತ್ತಿ ನೋಡೋಳು. ಯಾರು ಬಂದ್ರು, ಏನಂತಾರೆ ಅಂತ. ಅಷ್ಟರಲ್ಲಿ ಹದಿನೇಳೋ ಹದಿನೆಂಟೋ ಮರೆತುಹೋಗಿರೋದು.”

“ನಂದಷ್ಟೇ ಇನ್ನೊಂದು ಸಲ ಎಣಿಸಬಹುದಿತ್ತು.”

“ನಿನ್ನೊಬ್ಬಳದೇ ಎಣಿಸಿದ್ರೆ ನೀನು ಎರಡು ದಿನ ನಿಲ್ತಿದ್ಯಾ? ಅದಕ್ಕೆ ಎಲ್ಲರದ್ದೂ ಅಂದೆ. ನಿನ್ನದು ಮಾತ್ರ ನಾನೇ ಎಣಿಸ್ತಿದ್ದೆ, ನೆನಪಿದೆಯಾ?”

ನೆನಪಿತ್ತು. ನನ್ನ ಮೇಲೆ ಅನುಮಾನವೇನೋ ಎಂದು ಆಗ ಎರಡು ರಾತ್ರಿ ನಿದ್ದೆಗೆಟ್ಟಿದ್ದೆ. ಅವರ ತುಟಿ ಅಲ್ಲಾಡುವುದನ್ನೇ ನೋಡುತ್ತ ನಿಂತಿರುತ್ತಿದ್ದೆ. ಒಂದು ದಿನವೂ ಅವರು ಏನೂ ಅನ್ನಲಿಲ್ಲ, ಗಂಟನ್ನು ಒಳಗೆ ಒಯ್ದು ತಾವೇ ಮತ್ತೆ ಕಟ್ಟುತ್ತಿದ್ದರು.

“ಎಷ್ಟು ದಿನ ತಪ್ಪು ಎಣಿಸಿದೆ ನಾನು?”

“ನಾಲ್ಕು ತಿಂಗಳು. ಆಮೇಲೆ ಸರಿಹೋದೆ.”

“ಮತ್ತೆ ಆಗಲೇ ನಿಲ್ಲಿಸಬಹುದಿತ್ತಲ್ಲ?”

“ಯಾರೂ ಕೇಳ್ಲಿಲ್ಲ. ನಂಗೂ ಅಭ್ಯಾಸ ಆಗಿಹೋಗಿತ್ತು. ನೀನು ಬಿಟ್ಟ ಮೇಲೂ ಹದಿಮೂರು ವರ್ಷ ಎಣಿಸಿದ್ವಿ.” ಮಡಿಸಿದ ಹೊದಿಕೆಯನ್ನು ಅಂಗೈಯಿಂದ ತಟ್ಟಿದರು. “ಅದು ದಂಡವೇ. ನೀನು ಹೇಳೋದರಲ್ಲಿ ಸುಳ್ಳೇನಿಲ್ಲ.”

ನನ್ನ ಅನುಭವ ಪತ್ರದ ಸಾಲಿನ ಬಗ್ಗೆ ಕೇಳಿದೆ. ಬರೆದಿದ್ದು ಅವರೇ.

“ವಾರ್ಡಿಗೆ ಹೋಗುವಾಗ ಗಂಟು ಸರಿಯಾಗೇ ಇತ್ತಲ್ಲ,” ಎಂದರು. ಒಪ್ಪಿಗೆಯ ಕಾಗದವನ್ನು ಕನ್ನಡಕ ಇಳಿಸಿ ಓದಿದರು, ಮತ್ತೆ ಮೊದಲಿಂದ ಓದಿದರು, ಸಹಿ ಹಾಕಿದರು.

ನನ್ನ ಗಂಡ ಲಿಫ್ಟ್ ರಿಪೇರಿಯವರು. ಸಂಜೆ ಬಂದು ಕೈಗೆ ಹತ್ತಿದ ಗ್ರೀಸನ್ನು ಸೋಪಿನಿಂದ ಉಜ್ಜುತ್ತ ಎಲ್ಲವನ್ನೂ ಕೇಳಿಸಿಕೊಂಡರು.

“ಹಳೇದನ್ನೇ ಮಾಡು,” ಎಂದರು. “ನಗ್ತಾರೆ, ಕೆಲಸ ಸಿಗತ್ತೆ. ಸಿಕ್ಕಿದ ಮೇಲೆ ಆರಾಮಾಗಿ ನಿಜ ಹೇಳ್ಕೊ.”

“ಸಿಕ್ಕಿದ ಮೇಲೆ ನಾನು ಹೇಳ್ತೀನಾ ರೀ?”

ಅವರು ಟವೆಲ್ ಹುಡುಕಿದರು. “ಇಲ್ಲ,” ಎಂದರು. ಆಮೇಲೆ, “ಆದ್ರೂ ನಿನ್ನ ಧೈರ್ಯ ಮೆಚ್ಚಬೇಕು. ದಿನಾ ಬೀಗ ಮೂರು ಸಲ ಜಗ್ಗೋಳು ಎರಡು ಸಲ ಎಣಿಸೋರನ್ನ ಎಂಟು ವರ್ಷ ಆಡ್ಕೊಂಡಿದೀಯ.”

ನಾನು ಹಳೆಯದನ್ನೇ ಮಾಡುವುದೆಂದು ತೀರ್ಮಾನಿಸಿದೆ. ಒಂಬತ್ತನೆಯ ಮಾರ್ಚ್ ನನಗೆ ಬೇಡವಾಗಿತ್ತು.

ಪಾಠದ ದಿನ ಸಮಿತಿಯ ಮೂವರು ಬಾಗಿಲ ಪಕ್ಕದ ಬೆಂಚಿನಲ್ಲಿ ಕುಳಿತರು: ನಮ್ಮ ವಿಭಾಗದ ಮುಖ್ಯಸ್ಥೆ, ಪ್ರಿನ್ಸಿಪಾಲರು, ಹೊರಗಿನಿಂದ ಬಂದ ಪ್ರೊಫೆಸರ್. ಪ್ರೊಫೆಸರರ ಮುಂದೆ ನನ್ನ ನೀಲಿ ಫೈಲು ತೆರೆದಿತ್ತು. ಮಾತು ತಾನಾಗಿ ಬಂತು. ಕನ್ನಡಕ ಹಣೆಗೇರಿಸಿದೆ, ನಕ್ಕರು. ‘ಇನ್ನೊಂದ್ ಸಲ’ ಎಂದೆ; ಪ್ರಿನ್ಸಿಪಾಲರೂ ನಕ್ಕರು. ಬೋರ್ಡಿನ ಮೇಲೆ ಒಂಬತ್ತು ಗುಣಿಸು ನಲವತ್ತು ಎಂದು ಬರೆದೆ. ಆಗ ಪ್ರೊಫೆಸರ್ ಫೈಲಿನ ಹಾಳೆ ತಿರುಗಿಸಿದರು. ಪ್ಲಾಸ್ಟಿಕ್ ಚರಕ್ ಎಂದಿತು. ನಾನು ತಲೆ ಎತ್ತಿ ಬಾಗಿಲ ಕಡೆ ನೋಡಿದೆ. ತಿರುಗಿ ಬೋರ್ಡು ನೋಡಿದರೆ ಮುಂದೆ ಏನು ಬರೆಯಬೇಕಿತ್ತು ಎಂಬುದು ಮರೆತುಹೋಗಿತ್ತು.

ಅದೇ ಎಂದುಕೊಂಡೆ. ಇಪ್ಪತ್ತಮೂರು ವರ್ಷದ ನಂತರ ಅದೇ ಹದಿನೇಳೋ ಹದಿನೆಂಟೋ.

ಸೀಮೆಸುಣ್ಣ ಕೆಳಗಿಟ್ಟೆ. “ಇಲ್ಲಿಯವರೆಗಿನದು ನಾನು ಎಂಟು ವರ್ಷದಿಂದ ಹೇಳ್ತಿರೋದು,” ಎಂದೆ. “ಕಳೆದ ಗುರುವಾರ ಇನ್ನೊಂದು ವಿಷಯ ಗೊತ್ತಾಯ್ತು.” ಡಬಲ್ ಅಕ್ಕ ಹೇಳಿದ್ದನ್ನು ಹೇಳಿದೆ. ಹೊಸ ಹುಡುಗಿ ಯಾರೆಂದು ಮಾತ್ರ ಹೇಳಲಿಲ್ಲ. ಯಾರೂ ನಗಲಿಲ್ಲ. ಪಾಠ ಅಲ್ಲಿಂದ ಕುಂಟಿತು. ನಿಯಮ ಸರಿಯೋ ತಪ್ಪೋ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ನಾಲ್ಕು ತಿಂಗಳು ಸರಿ, ಹದಿನೈದು ವರ್ಷ ತಪ್ಪು ಎಂದೆ.

“ಆ ನಾಲ್ಕು ತಿಂಗಳು ಮುಗೀತು ಅಂತ ಗೊತ್ತಾಗೋದು ಹೇಗೆ ಮೇಡಂ?”

“ಯಾರಾದ್ರೂ ಕೇಳಬೇಕು. ನಾವು ಒಂಬತ್ತು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಹಿಂದಿನಿಂದ ಆಡ್ಕೊಂಡ್ವಿ, ಅಷ್ಟೇ.”

ಕೊನೆಗೆ ಪ್ರೊಫೆಸರ್ ನನ್ನ ಫೈಲಿನ ಮೇಲೆ ಬೆರಳಿಟ್ಟರು. “ಇವರ ಎಣಿಕೆಯಲ್ಲಿ ಒಂದು ತಪ್ಪೂ ಕಂಡುಬಂದಿಲ್ಲ ಅಂತ ಇದೆ. ಇದು ಅದೇ ಲಾಂಡ್ರಿಯೇ?”

“ಹೌದು ಸರ್.”

“ಹಾಗಾದ್ರೆ ಆ ಹೊಸ ಹುಡುಗಿ ಯಾರು? ನಿಮಗೆ ಗೊತ್ತಿರಬೇಕಲ್ಲ.”

ಗೊತ್ತಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. “ನಾನೇ ಸರ್,” ಎಂದೆ. “ಆ ಸಾಲು ಬರೆದವರು ಡಬಲ್ ಅಕ್ಕ.”

ಆಗ ಒಂದು ನಗು ಬಂತು. ಎಂಟು ವರ್ಷದಲ್ಲಿ ಆ ಪಾಠಕ್ಕೆ ಬಂದ ನಗುವಿನಂತಿರಲಿಲ್ಲ. ಪ್ರೊಫೆಸರ್ ನಗದೆ ಏನೋ ಬರೆದುಕೊಂಡರು.

ಕಾಗದ ಬಂದದ್ದು ಹದಿನೆಂಟು ದಿನದ ಮೇಲೆ. ಖಾಯಂ ಹುದ್ದೆ ಡಾಕ್ಟರೇಟ್ ಮಾಡಿದ ಇನ್ನೊಬ್ಬರಿಗೆ ಹೋಗಿತ್ತು. ನನ್ನ ಗುತ್ತಿಗೆಯನ್ನು ಮೂರು ವರ್ಷಕ್ಕೆ ಮುಂದುವರಿಸಿದ್ದರು. ಮುಖ್ಯಸ್ಥೆ ಕಾರಿಡಾರಿನಲ್ಲಿ ಸಿಕ್ಕಾಗ ದನಿ ತಗ್ಗಿಸಿ, “ಮೊದಲ ಹದಿನೈದು ನಿಮಿಷಕ್ಕೆ ನಿಮಗೇ ಹೆಚ್ಚು ಅಂಕ ಇತ್ತು, ಯಾಕ್ರೀ ಹಾಗೆ ಮಾಡಿದ್ರಿ?” ಎಂದರು. ಒಂದರ ಬದಲು ಮೂರು ವರ್ಷ ಕೊಡಿಸಿದ್ದು ಯಾರು ಎಂದು ಕೇಳಿದೆ. “ಅದೇ, ನಗಲಿಲ್ಲವಲ್ಲ, ಅವರು.”

ಕಾಗದ ತೆಗೆದುಕೊಂಡು ಡಬಲ್ ಅಕ್ಕನ ಮನೆಗೆ ಹೋದೆ. ಮೆಟ್ಟಿಲಲ್ಲಿ ನಿಲ್ಲಲಿಲ್ಲ. ಕೆಲಸ ತಪ್ಪಿತೆಂದು ಹೇಳಿದೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ಕನ್ನಡಕ ಇಳಿಸಿ ಕಾಗದ ಓದಿದರು. ಮತ್ತೆ ಮೊದಲಿಂದ ಓದಿದರು.

“ನೀನು ಇದನ್ನ ಪೂರ್ತಿ ಓದಿದೀಯಾ?”

‘ಆಯ್ಕೆಯಾಗಿಲ್ಲ’ ಎಂಬ ಮೊದಲ ಸಾಲನ್ನು ಹತ್ತು ಸಲವಾದರೂ ಓದಿದ್ದೆ. ಉಳಿದದ್ದನ್ನು ಒಂದು ಸಲ.

“ಮೂರು ವರ್ಷ ಅಂತ ಅಕ್ಷರದಲ್ಲಿದೆ. ಕೆಳಗೆ ಯಾವ ತಾರೀಖಿನಿಂದ ಯಾವ ತಾರೀಖಿಗೆ ಅಂತ ನೋಡು. ಎಣಿಸು.”

ಬೆರಳು ಮಡಿಸಿದೆ. ಎರಡು.

“ಇನ್ನೊಂದ್ ಸಲ,” ಎಂದರು.

ಎರಡೇ.

ಮರುದಿನ ಆಫೀಸಿನ ಗುಮಾಸ್ತರು ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. “ನಾಲ್ಕು ಜನ ಸಹಿ ಹಾಕಿದಾರೆ, ಒಬ್ಬರ ಕಣ್ಣಿಗೂ ಬಿದ್ದಿಲ್ಲವಲ್ಲ,” ಎಂದು ಗೊಣಗಿ, ಇಸವಿಯ ಕೊನೆಯ ಅಂಕಿ ಹೊಡೆದು ಹಾಕಿ, ಮೇಲೆ ಸರಿಯಾದದ್ದನ್ನು ಬರೆದು, ಪ್ರಿನ್ಸಿಪಾಲರ ಸಹಿಗೆ ಒಳಗೆ ಕಳಿಸಿದರು. “ನೀವೇ ಕಂಡುಹಿಡಿದ್ರಾ ಮೇಡಂ?”

“ಇಲ್ಲ,” ಎಂದೆ. “ನನ್ನ ಹಳೇ ಮೇಲಧಿಕಾರಿ.”

ಸಹಿಯಾಗಿ ಬಂದ ಕಾಗದವನ್ನು ಅವರ ಮೇಜಿನ ಮುಂದೆಯೇ ನಿಂತು ಓದಿದೆ. ಹಿಂದೆ ಯಾರೋ ಬಾಗಿಲು ತಳ್ಳಿಕೊಂಡು ಬಂದ ಸದ್ದಾಯಿತು. ಕೊನೆಯ ತಾರೀಖು ಮುಗಿಯುವವರೆಗೆ ನಾನು ತಲೆ ಎತ್ತಲಿಲ್ಲ.