ಬಲಮಗ್ಗುಲಿನ ಪಟ್ಟಿಗಳು

ಮಾರ್ತಾಂಡ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆಯೇ, ಗೋಡೆಗೆ ಒರಗಿಸಿ ಕೂರಿಸಿದ್ದ ದುಂಡಪ್ಪನ ಹೆಣ ಎಡಕ್ಕೆ ವಾಲಿತು.

“ಹಿಡೀರಿ, ಹಿಡೀರಿ!” ದುಂಡಪ್ಪನ ತಮ್ಮ ಈರಣ್ಣ ಓಡಿಬಂದು ಹೆಗಲು ಕೊಟ್ಟ.

“ಬದುಕಿದ್ದಾಗರೆ ಯಾರ ಮಾತಿಗೆ ನೆಟ್ಟಗ ಕುಂತಿದ್ದ?” ಮುದುಕಿ ಫಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಎಲ್ಲರೂ ಮಾರ್ತಾಂಡನತ್ತ ತಿರುಗಿದರು. ಖಾನಾಪುರದ ಕಟ್ಟಿಗೆ ಅಡ್ಡೆಯಲ್ಲಿ ದುಂಡಪ್ಪ ಕೊಯ್ದ ಹಲಗೆಗೆ ಹದಿನೈದು ವರ್ಷ ಉಳಿ ಹಚ್ಚಿದ ಬಡಗಿ ಅವನು. ಎಂಟು ವರ್ಷದಿಂದ ಇಬ್ಬರಿಗೂ ಮಾತಿರಲಿಲ್ಲ.

ಅಂಗಳದಲ್ಲಿ ಹೆಣವನ್ನು ಕೂರಿಸಿ ಹೊರುವ ವಿಮಾನ ಕಟ್ಟುತ್ತಿದ್ದರು. “ಮಾರ್ತಾಂಡಣ್ಣಾ, ಎಡಕ್ಕ ಒಂದು ಆಸರಾ ಬಡದ ಕೊಡು,” ಎಂದ ಈರಣ್ಣ.

“ಅಟ್ಟದ ಮ್ಯಾಲಿನ ಟ್ರಂಕಿನಾಗ ಕಟ್ಟಿಗಿ ಅದಾವು,” ದುಂಡಪ್ಪನ ಹೆಂಡತಿ ಬಾಳವ್ವ ತಲೆ ಎತ್ತದೆ ಹೇಳಿದಳು. “ನೀವ ಹೋಗಿ ತಗೊಂಡ ಬರ್ರಿ.”

*

ಎಂಟು ವರ್ಷದ ಹಿಂದೆ, ೧೯೭೭. ಬೆಳಗಾವಿಯ ಕ್ಯಾಂಪ್ ಪ್ರದೇಶ. ಗರಗಸ ಹರಿತ ಮಾಡಿಸಲು ಹೋದಾಗೆಲ್ಲ ಒಂದು ಅಂಗಡಿಯ ಗಾಜಿಗೆ ಮಾರ್ತಾಂಡ, ದುಂಡಪ್ಪ ಇಬ್ಬರೂ ಮೂಗು ಹಚ್ಚಿ ನಿಲ್ಲುತ್ತಿದ್ದರು. ಒಳಗೆ ಪುಟ್ಟ ಕಟ್ಟಿಗೆ ಹಡಗು; ತುಂಡುಗಳು ಡಬ್ಬಿಯಲ್ಲಿ ಬರುತ್ತವೆ, ನಾವೇ ಜೋಡಿಸಬೇಕು. ಕಡಲಿನ ಕಡೆ ಹೋಗುವ ವಾಸ್ಕೋ ರೈಲನ್ನು ಊರಲ್ಲಿ ದಿನಾ ನೋಡಿಯೂ ಸಮುದ್ರ ಕಾಣದವರು. ಆ ದಿನ, ಒಂದೊಂದು ಮಗ್ಗುಲು ಒಬ್ಬೊಬ್ಬರು ಕಟ್ಟೋಣವೆಂದು ಒಳಗೆ ಹೋದರು.

“ಮೊದಲನೇ ಸಲ ಏನ್ರಿ?” ಅಂಗಡಿಯ ಮಧುಕರ ಎರಡು ಡಬ್ಬಿ ಇಟ್ಟ. ಒಂದರಲ್ಲಿ ಮೂರು ಕಂಬದ ಹಡಗು, ಇನ್ನೊಂದರಲ್ಲಿ ಒಂದೇ ಹಾಯಿಯ ಮೀನುದೋಣಿ. “ಹಂಗಾರ ದೋಣಿ ಒಯ್ಯಿರಿ. ಹಡಗಿನ ಹಗ್ಗಾ ಕಟ್ಟೂದ್ರಾಗ ತಲಿ ಕೆಡತೈತಿ.”

“ಮೊದಲನೇ ಸಲ?” ಮಾರ್ತಾಂಡ ದೊಡ್ಡ ಡಬ್ಬಿ ಎಳೆದುಕೊಂಡ. “ಹದಿನೈದು ವರ್ಷ ಉಳಿ ಹಿಡದೇನಿ. ಇದನ್ನ ಕೊಡ್ರಿ.”

ದುಂಡಪ್ಪ ಎರಡು ಡಬ್ಬಿಯಿಂದಲೂ ಒಂದೊಂದು ತೆಳು ಕಟ್ಟಿಗೆ ಪಟ್ಟಿ ತೆಗೆದು ಬೆಳಕಿಗೆ ಹಿಡಿದ, ಬಗ್ಗಿಸಿದ, ಮೂಸಿದ. “ದೊಡ್ಡದರದು ಹಸಿ ಕಟ್ಟಿಗಿ. ದೋಣೀದು ನೂಲಿನಂಗ ನೆಟ್ಟಗೈತಿ. ಮತ್ತ ನಿಂದು ಬಾಗಲಾ ಮಾಡೂ ಕೈ ಮಾರ್ತಾಂಡ, ಇಂಥಾ ಎಳಿ ಪಟ್ಟಿ ಮುರದ ಹಾಕತೈತಿ.”

ಮಧುಕರ ನಕ್ಕ. ಮಾರ್ತಾಂಡ ಡಬ್ಬಿ ಬಿಟ್ಟು ಹೊರಬಿದ್ದು ಬೇರೆ ಬಸ್ಸು ಹತ್ತಿದ. ಆ ನಗೆಯೂ ಅವನ ಜೊತೆ ಖಾನಾಪುರಕ್ಕೆ ಬಂತು.

*

ಅಟ್ಟದ ಟ್ರಂಕಿನಲ್ಲಿ ಆ ದೋಣಿ ಇತ್ತು; ದುಂಡಪ್ಪ ಅವತ್ತು ಅದನ್ನು ಕೊಂಡಿದ್ದ. ಎಡಮಗ್ಗುಲಿಗೆ ಏಳು ಪಟ್ಟಿ, ಕೂದಲೂ ತೂರದಂತೆ. ಬಲಮಗ್ಗುಲು ಬರೀ ಪಕ್ಕೆಲುಬು. ಒಂದೇ ಕಡೆ ಎಳೆದು ಇಡೀ ದೋಣಿ ಎಡಕ್ಕೆ ಸೊಟ್ಟಗಾಗಿತ್ತು. ಉಳಿದ ಏಳು ಪಟ್ಟಿಯ ಕಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿತ್ತು: ಮಾರ್ತಾಂಡನ ಬಾಜು.

ಅದನ್ನು ಹಿಡಿದೇ ಕೆಳಗಿಳಿದ. “ಎಡಕ್ಕೊಂದು ಹಚ್ಚಿದ್ರ ಬಲಕ್ಕೊಂದು ಹಚ್ಚಬೇಕು. ಇಲ್ಲಾಂದ್ರ ಸೊಟ್ಟ ಆಗತೈತಿ. ಗೊತ್ತಿರಲಿಲ್ಲೇನು ಇವಗ?”

“ಗೊತ್ತಿತ್ರಿ. ನೀವ ಮುಗಸ್ರಿ ಅಂದೆ,” ಎಂದಳು ಬಾಳವ್ವ. “ ‘ಅದು ಅವನ ಬಾಜು, ನಾ ಹ್ಯಾಂಗ ಮುಟ್ಟಲಿ’ ಅಂದ್ರು.”

“ಕರದಿದ್ರ ಬರತಿದ್ದಿಲ್ಲೇನಲೇ!” ಮಾರ್ತಾಂಡ ಹೆಣಕ್ಕೆ ಕೂಗಿದ.

“ಬರತಿದ್ಯೇನಪಾ?” ಫಕೀರವ್ವ ಮೆಲ್ಲಗೆ ಕೇಳಿದಳು.

ಅವನು ಹಿತ್ತಲಿಗೆ ನಡೆದ. ಅಲ್ಲಿದ್ದ ಹಲಗೆಯೊಂದನ್ನು ತಂದು ವಿಮಾನಕ್ಕೆ ಆಸರೆ ಬಡಿದುಕೊಟ್ಟ. ಮಂದಿ ಹೂವು ಕಟ್ಟುವಷ್ಟರಲ್ಲಿ ತನ್ನ ಹತಾರದ ಚೀಲದಿಂದ ಅಂಟು ತೆಗೆದು, ದೋಣಿಯ ಬಲಕ್ಕೆ ಒಂದು ಪಟ್ಟಿ ಕೂರಿಸಿ, ಅದು ಕಚ್ಚುವ ತನಕ ಬೆರಳಿನಿಂದ ಒತ್ತಿ ಹಿಡಿದ. ಮುರಿಯಲಿಲ್ಲ.

ಕುಣಿಯೊಳಗೆ ದುಂಡಪ್ಪ ನೆಟ್ಟಗೆ ಕೂತಿದ್ದ. ಸರದಿ ಬಂದಾಗ ಮಾರ್ತಾಂಡ ಹಿಡಿ ಮಣ್ಣು ತೆಗೆದು ಮುಷ್ಟಿ ಬಿಚ್ಚಿದ. ಅರ್ಧ ಮಣ್ಣು ಕೆಳಗೆ ಬಿತ್ತು. ಉಳಿದದ್ದು ಒಣಗದ ಅಂಟಿಗೆ ಹತ್ತಿಕೊಂಡು ಅವನ ಬೆರಳಲ್ಲೇ ಉಳಿಯಿತು.