ತಿರುಪಮ್ಮನ ಅಣ್ಣ

"ಆ ಕಡೆ ಸ್ವಲ್ಪ ಮೇಲೆತ್ತಪ್ಪ, ಗೋಡೆಗೆ ತಾಗುತ್ತೆ," ಎಂದು ತಂಗಿ ಹೇಳಿ ಮುಗಿಸುವಷ್ಟರಲ್ಲಿ ಬೆಂಚು ಗೋಡೆಗೆ ತಾಗಿ ಅಂಗೈಯಗಲ ಸುಣ್ಣ ಉದುರಿಯೇ ಬಿಟ್ಟಿತು. ಬೆಂಚಿನ ಇನ್ನೊಂದು ತುದಿ ಹಿಡಿದಿದ್ದವನು ಸತ್ತ ಅಣ್ಣನ ಅಳಿಯ. ಪಾಪ, ಕನ್ನಡಕದ ಅಂಗಡಿ ಇಟ್ಟುಕೊಂಡವನಿಗೆ ಬೆಂಚು ಹೊತ್ತು ಅಭ್ಯಾಸವೆಲ್ಲಿ? ಅವಳಿಗಾದರೂ ಈ ವಯಸ್ಸಿನಲ್ಲಿ ಹೊರಬೇಕಾದ ಕೆಲಸವೇನೂ ಅಲ್ಲ. ಒಳಗಿನ ಕೋಣೆಯಲ್ಲಿ ಅಣ್ಣ ಮಲಗಿದ್ದ. ಅಲ್ಲಿ ಕೂರಲಾಗದೆ ಬೆಳಗಿನಿಂದ ಒಂದಲ್ಲ ಒಂದು ಸಾಮಾನು ಎತ್ತಿಕೊಂಡು ಓಡಾಡುತ್ತಿದ್ದಳು.

ಅಂಗಳದಲ್ಲಿ ಸಿಗಾರು ಕಾರ್ಖಾನೆಯ ಹಳಬರು ಕೂತಿದ್ದರು. ಮಾಲೀಕರು ತಾವು ಬರಲಾಗದ್ದಕ್ಕೆ ಒಂದು ಪೆಟ್ಟಿಗೆ ಸಿಗಾರು ಕಳಿಸಿದ್ದರು. ಅಳಿಯ ಮುಚ್ಚಳ ತೆಗೆದು ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದ.

"ಅಲ್ಲಾ, ಸಿಗಾರು ಅಂದ್ರೆ ಗುಂಡಗಿರಬೇಕಲ್ವಾ? ಇದ್ಯಾಕೆ ಚೌಕ?"

ಸಾವಿನ ಮನೆಯಲ್ಲಿ ಏನು ಮಾತಾಡುವುದೆಂದು ತಿಳಿಯದೆ ಕಾಲ್ಬೆರಳು ನೋಡಿಕೊಂಡು ಕೂತಿದ್ದವರಿಗೆಲ್ಲ ಜೀವ ಬಂತು.

"ಉರುಳಬಾರದು ಅಂತ," ಎಂದ ಮೀಸೆ. ಅವನು ಅಣ್ಣನ ಪಕ್ಕದ ಮಣೆಯಲ್ಲಿ ಕೂತು ಸಿಗಾರು ಸುತ್ತುತ್ತಿದ್ದವನು. ಮೀಸೆ ಬೋಳಿಸಿ ಎಷ್ಟೋ ಕಾಲವಾಗಿದ್ದರೂ ಹೆಸರು ಮಾತ್ರ ಹಾಗೇ ಉಳಿದಿತ್ತು. "ಹಡಗಲ್ಲಿ ಹೋಗೋ ಸಾಹುಕಾರ್ರು ಮೇಜಿನ ಮೇಲಿಟ್ರೆ ಗುಂಡಗಿರೋದು ಉರುಳಿ ಸಮುದ್ರಕ್ಕೆ ಬೀಳುತ್ತೆ. ಚೌಕದ್ದು ಇಟ್ಟ ಕಡೆ ಇರುತ್ತೆ, ಒಳ್ಳೇ ಅಳಿಯನ ಹಾಗೆ."

"ಹಡಗು ಹತ್ತಿದ್ದೀಯೇನೋ ನೀನು?" ಎಂದ ಕಾರ್ಖಾನೆಗೆ ಸಿಗಾರು ಪೆಟ್ಟಿಗೆ ಮಾಡಿಕೊಡುತ್ತಿದ್ದ ಬಡಗಿ. "ಗುಂಡಗಿರೋದನ್ನ ಜೋಡಿಸಿದ್ರೆ ಸಂದಿಯಲ್ಲಿ ಬರೀ ಗಾಳಿ. ಗಾಳಿಗೆ ಯಾವನು ದುಡ್ಡು ಕೊಡ್ತಾನೆ? ಚೌಕ ಇದ್ರೆ ಒಂದಕ್ಕೊಂದು ಒತ್ತಿ ಕೂರುತ್ತೆ, ಪೆಟ್ಟಿಗೆ ತುಂಬುತ್ತೆ."

"ಬಾಯಿಗೆ ಬಂದದ್ದು ಹೇಳ್ಬೇಡಿ," ಎಂದು ಇನ್ನೊಬ್ಬ ತಡೆದ. "ಚೌಕ ಮಾಡಿದವರೇ ಇಲ್ಲಿ ನಿಂತಿದ್ದಾರೆ. ಅವರನ್ನ ಕೇಳಿ."

ಎಲ್ಲರೂ ತಂಗಿಯ ಕಡೆ ತಿರುಗಿದರು. ಅವಳು ಬೆಂಚಿನ ಮೇಲಿನ ಇಲ್ಲದ ಧೂಳು ಒರೆಸತೊಡಗಿದಳು.

"ನಿಮ್ಮ ಮಾವ ನಮ್ಮಲ್ಲೆಲ್ಲ ದೊಡ್ಡ ಕೈ," ಎಂದು ಮೀಸೆ ಅಳಿಯನಿಗೆ ವಿವರಿಸಿದ. "ಆದ್ರೆ ಚೌಕ ಬಂದ ಮೇಲೆ ಅವನು ಸುತ್ತಿದ ಕಟ್ಟು ಒತ್ತುಮನೇಲಿ, ಚೌಕ ಮಾಡೋಕೆ ಒತ್ತುವಾಗ, ಸೀಳೋಕೆ ಶುರುವಾಯ್ತು. ಒತ್ತುಮನೆ ಮೇಲ್ವಿಚಾರಣೆ ಇವರದ್ದು. ಸ್ವಂತ ಅಣ್ಣ! ಮೂರು ಸಲ ವಾಪಸ್ ಕಳಿಸಿದ್ರು. ಮೂರು ಸಲ ಆದ್ರೆ ಸುತ್ತೋ ಮಣೆ ಬಿಡಬೇಕು, ಅದು ಕಾನೂನು. ಬೇರೆಯವರಾಗಿದ್ರೆ ಅಣ್ಣ ಅಂತ ಕಣ್ಣು ಮುಚ್ಕೊಳ್ಳೋರು. ಇವರು ಮುಚ್ಚಲಿಲ್ಲ. ನಿಯತ್ತು ಅಂದ್ರೆ ಅದು."

"ಈಗ ಎಲ್ಲಿದೆ ಅಂಥ ನಿಯತ್ತು," ಎಂದು ಬಡಗಿಯೂ ತಲೆಯಾಡಿಸಿದ.

"ಟೀ ತರ್ತೀನಿ," ಎಂದು ತಿರುಗಿದವಳ ಕಣ್ಣಿಗೆ ಗೇಟಿನಲ್ಲಿ, ಎತ್ತರದ ನಿಲುವಿಗೆ ಎಲ್ಲರೂ ಉದ್ದಕ್ಕ ಎನ್ನುತ್ತಿದ್ದ ಹೆಂಗಸು ಕಂಡಳು. ಅವಳ ಹಿಂದೆ ಸಿಗಾರು ಸುತ್ತುತ್ತಿದ್ದ ಸುತ್ತುಮನೆಯ ಹೆಂಗಸರು, ನಾಲ್ಕೈದು ಜನ, ಒಟ್ಟಿಗೆ. ಇವರು ಒಬ್ಬೊಬ್ಬರಾಗಿ ಬಂದಿದ್ದರೆ ಭಯವಿರಲಿಲ್ಲ. ಒಂದೇ ಸೂರಿನ ಕೆಳಗೆ ಕೂತು, ಅದೂ ಅತ್ತಿಗೆಯ ಮುಂದೆ, ಹಳೆಯ ಮಾತು ತೆಗೆದರೆ ಏನು ಗತಿ?

*

ಮೊದಲು ಎಲ್ಲವೂ ಗುಂಡಗೇ ಇದ್ದವು. ಅಣ್ಣ ಸುತ್ತಿದ ಸಿಗಾರನ್ನು ಬೆಳಕಿಗೆ ಹಿಡಿದರೆ ಎಲ್ಲಿ ಎಲೆ ಮುಗಿದು ಎಲ್ಲಿ ಮತ್ತೊಂದು ಶುರುವಾಯಿತೆಂದು ತಿಳಿಯುತ್ತಿರಲಿಲ್ಲ. ತಾಯಿಯಿಲ್ಲದ ತಂಗಿಯನ್ನು ಅದೇ ಕೈಯಿಂದ ಜಡೆ ಹಾಕಿ ಬೆಳೆಸಿ, ಮಾಲೀಕರ ಕೈಕಾಲು ಹಿಡಿದು ಪೆಟ್ಟಿಗೆ ತುಂಬುವ ಕೆಲಸಕ್ಕೆ ಸೇರಿಸಿದ್ದ. ಅವಳನ್ನು 'ಪುಟ್ಟಿ' ಎಂದೇ ಕರೆಯುತ್ತಿದ್ದ, ಅವಳ ತಲೆ ನೆರೆತ ಮೇಲೂ.

ಚೌಕ ಹುಟ್ಟಿದ್ದು ಹಡಗಿನಿಂದಲೂ ಅಲ್ಲ, ಗಾಳಿಯಿಂದಲೂ ಅಲ್ಲ. ಒಂದು ಸಲ ಇದೇ ಬಡಗಿ ಅಳತೆ ತಪ್ಪಿ ಪೆಟ್ಟಿಗೆಗಳನ್ನು ಚಿಕ್ಕದಾಗಿ ಕೊಯ್ದಿದ್ದ. ಮಾಲು ಮಾರನೆಯ ದಿನವೇ ಹೊರಡಬೇಕು. ಅವಳು ಇನ್ನೂ ಹಸಿ ಆರದ ಸಿಗಾರುಗಳನ್ನು ತುರುಕಿ, ಮುಚ್ಚಳ ಕೂರದಿದ್ದಾಗ ತಾನೇ ಅದರ ಮೇಲೆ ಕೂತು ಪಟ್ಟಿ ಬಿಗಿದಳು. ಊರಿಂದಾಚೆ ಪೆಟ್ಟಿಗೆ ತೆರೆದಾಗ ಸಿಗಾರುಗಳೆಲ್ಲ ಒಂದನ್ನೊಂದು ಒತ್ತಿಕೊಂಡು ನಾಲ್ಕು ಮೂಲೆ ಪಡೆದಿದ್ದವು. ಬೈಗುಳ ಬರುತ್ತದೆಂದು ಕಾದರೆ, ಇನ್ನಷ್ಟು ಕಳಿಸಿ ಎಂಬ ಸುದ್ದಿ ಬಂತು. ತಪ್ಪು ಮಾಡಿದ ಬಡಗಿಗೆ ಸಂಬಳ ಏರಿತು. ಮುಚ್ಚಳದ ಮೇಲೆ ಕೂತವಳಿಗೆ ಒತ್ತುಮನೆ ಸಿಕ್ಕಿತು. ಹಲಗೆಗಳ ನಡುವೆ ಕಟ್ಟು ಇಟ್ಟು ಮೇಲಿಂದ ತಿರುಪು ತಿರುಗಿಸುವ ಕೆಲಸ. ಬೆನ್ನ ಹಿಂದೆ ಎಲ್ಲರೂ ಅವಳನ್ನು ತಿರುಪಮ್ಮ ಎಂದರು.

ಒತ್ತಬೇಕಾದ ಸಿಗಾರನ್ನು ಕೊಂಚ ಸಡಿಲವಾಗಿ ಸುತ್ತಬೇಕು. ಒಳಗೆ ಜಾಗವಿದ್ದರೆ ಎಲೆ ಸರಿದು ಮೂಲೆ ತುಂಬುತ್ತದೆ. ಬಿಗಿಯಾಗಿದ್ದರೆ ಮೇಲಿನ ಎಲೆ ಸೀಳುತ್ತದೆ. ಅಂದರೆ ಕೈ ಬಿಗಿಯಿದ್ದವರಿಗೆ, ಒಳ್ಳೆಯ ಕೆಲಸಗಾರರಿಗೇ, ಕುತ್ತು ಬಂತು. ಅದಕ್ಕೂ ಅವಳೊಂದು ಉಪಾಯ ಕಂಡುಕೊಂಡಿದ್ದಳು. ಬಿಗಿ ಕಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಎಲೆ ಮೆತ್ತಗಾದ ಮೇಲೆ ನಿಧಾನವಾಗಿ ಒತ್ತಿದರೆ ಸೀಳುವುದಿಲ್ಲ. ಹೊತ್ತು ಹಿಡಿಯುವ ಕೆಲಸ, ಮಾಲೀಕರು ಒಪ್ಪುವವರಲ್ಲ. ಕದ್ದು ಮಾಡುತ್ತಿದ್ದಳು. "ನಿನಗೊಬ್ಬಳಿಗೇ ಮಾಡ್ತಿರೋದು, ಎಲ್ಲೂ ಬಾಯಿ ಬಿಡ್ಬೇಡ," ಎಂದು ಒಬ್ಬೊಬ್ಬರಿಗೂ ಹೇಳುತ್ತಿದ್ದಳು. ಅವರೂ ಬಾಯಿ ಬಿಡಲಿಲ್ಲ.

ಅಣ್ಣನ ಕಟ್ಟು ಬಂದ ದಿನ ಬಟ್ಟೆ ಬಕೆಟ್ಟಿನಲ್ಲೇ ಇತ್ತು. ಅವಳ ಕೈಯೂ ಬಕೆಟ್ಟಿನೊಳಗಿತ್ತು. ಆಗ ಹಿಂದೆ ಯಾರೋ ಪಿಸುಗುಟ್ಟಿದರು. "ನೋಡೋಣ ತಾಳು, ಅಣ್ಣನದಕ್ಕೆ ಏನು ಮಾಡ್ತಾಳೆ." ಅವಳು ಕೈ ಹೊರಗೆ ತೆಗೆದು, ಸೆರಗಿಗೆ ಒರೆಸಿಕೊಂಡು, ಕಟ್ಟನ್ನು ಒಣಗಿದ್ದಂತೆಯೇ ಹಲಗೆಗಳ ನಡುವೆ ಇಟ್ಟು ತಿರುಪು ತಿರುಗಿಸಿದಳು. ಪಟಪಟನೆ ಸೀಳಿದ ಸದ್ದು ಕೋಣೆಗೆಲ್ಲ ಕೇಳಿಸಿತು.

"ಸೀಳ್ತಾ ಪುಟ್ಟಿ?" ಎಂದು ಅಣ್ಣ ಬಂದು ಕೇಳಿದ.

"ಹೂಂ. ಬಿಗಿ ಸುತ್ತಿದ್ದೀಯ."

"ಸರಿ, ಇನ್ನೊಂದ್ಸಲ ನೋಡ್ತೀನಿ."

ಎರಡನೆಯ ಸಲವೂ ಜನ ನೋಡುತ್ತಿದ್ದರು. ತಿರುಪಮ್ಮ ನ್ಯಾಯವಂತೆ ಎಂಬ ಮಾತು ಆ ಹೊತ್ತಿಗೆ ಕಾರ್ಖಾನೆಯಲ್ಲೆಲ್ಲ ಓಡಾಡುತ್ತಿತ್ತು. ಅದು ಅವಳ ಕಿವಿಗೂ ಬಿದ್ದಿತ್ತು, ಹಿತವಾಗಿಯೂ ಇತ್ತು.

ಮೂರನೆಯ ಸಲ ಒತ್ತುಮನೆಯಲ್ಲಿ ಯಾರೂ ಇರಲಿಲ್ಲ. ಅವಳೊಬ್ಬಳೇ ಇದ್ದಳು. ಬಕೆಟ್ಟಿನಲ್ಲಿ ಬಟ್ಟೆಯೂ ಇತ್ತು. ಆಗಲೂ ಅವಳು ಒಣ ಕಟ್ಟನ್ನೇ ಒತ್ತಿದಳು.

ಅಣ್ಣನನ್ನು ಗೋದಾಮಿಗೆ ಹಾಕಿದರು. ಕೆಲಸದಿಂದ ನಿವೃತ್ತನಾಗುವ ತನಕ ಎಲೆಯ ನಡುನರ ಕೀಳುತ್ತ ಕೂತ. ತಂಗಿಯ ಮೇಲೆ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಭಾನುವಾರ ಅವಳ ಮನೆಗೆ ಬಂದು, ಉಂಡು, ಕೆಟ್ಟ ನಲ್ಲಿ ರಿಪೇರಿ ಮಾಡಿ ಹೋಗುತ್ತಿದ್ದ. ಒಂದು ಸಲ ಬಾಯಿತುಂಬ ಬೈದುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

*

ಅಡುಗೆಮನೆಯಲ್ಲಿ ಅತ್ತಿಗೆ ಲೋಟಗಳನ್ನು ಒರೆಸುತ್ತಿದ್ದಳು. ಕೂರಿ ಎಂದರೂ ಕೂರಲಿಲ್ಲ. "ಕೂತ್ರೆ ಏಳೋಕಾಗಲ್ಲ," ಎಂದಳು. ಉದ್ದಕ್ಕ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದವಳೇ ತಂಗಿಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು.

"ದೇವರಂಥ ಅಣ್ಣ, ದೇವರಂಥ ತಂಗಿ. ನಿಮ್ಮ ಋಣ ನಾನು ತೀರಿಸೋಕಾಗಲ್ಲ ಅಮ್ಮಾ."

"ಈಗ್ಯಾಕೆ ಅದೆಲ್ಲ. ಬಾ, ಹೊರಗೆ ಕೂತ್ಕೋ."

"ಇಲ್ಲ, ಇವತ್ತು ಹೇಳಿಬಿಡ್ತೀನಿ. ಸಾವಿನ ಮನೇಲಿ ಸತ್ಯ ಹೇಳಿದ್ರೆ ಪುಣ್ಯ." ಉದ್ದಕ್ಕ ಮೂಗೊರೆಸಿಕೊಂಡು ಅತ್ತಿಗೆಯ ಕಡೆ ತಿರುಗಿದಳು. "ನನ್ನ ಕೈಯೂ ಬಿಗಿ ಇತ್ತು ಕಣಮ್ಮಾ. ನನ್ನ ಮಣೆಯೂ ಹೋಗಬೇಕಾಗಿತ್ತು. ಇವರು ಯಾರಿಗೂ ಗೊತ್ತಾಗದ ಹಾಗೆ ನನ್ನ ಕಟ್ಟು ಒದ್ದೆ ಬಟ್ಟೇಲಿ ಸುತ್ತಿಟ್ಟು ಉಳಿಸಿದ್ರು. ನನ್ನೊಬ್ಬಳಿಗೇ ಮಾಡಿದ್ರು."

"ನಿನ್ನೊಬ್ಬಳಿಗೇನಾ?" ಎಂದಳು ಹಿಂದೆ ನಿಂತಿದ್ದವಳು. "ನಂಗೂ ಹಾಗೇ ಹೇಳಿದ್ರಲ್ಲೇ!"

"ಅಯ್ಯೋ, ನಂಗೂ!"

"ಥೂ ಇವಳಾ, ಇಷ್ಟು ವರ್ಷ ನನ್ನ ಹತ್ರ ಮುಚ್ಚಿಟ್ಟಿದ್ಯಾ?"

ಟೀ ಕೇಳಲು ಬಂದ ಮೀಸೆ ಬಾಗಿಲಲ್ಲೇ ನಿಂತು ಕೆಮ್ಮಿದ. "ಹಾಗೆ ನೋಡಿದ್ರೆ... ನಂದೂ ಒಂದೆರಡು ಸಲ ಸುತ್ತಿಟ್ಟಿದ್ರು," ಎಂದು ತಲೆ ಕೆರೆದುಕೊಂಡ. ಸಾವಿನ ಮನೆಯೆಂಬುದನ್ನೂ ಮರೆತು ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ತಂಗಿಯೊಬ್ಬಳು ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು.

ಅತ್ತಿಗೆ ಒರೆಸುತ್ತಿದ್ದ ಲೋಟ ಕೆಳಗಿಟ್ಟಳು.

"ಒದ್ದೆ ಬಟ್ಟೆ ಸುತ್ತಿದ್ರೆ ಸೀಳ್ತಿರಲಿಲ್ವಾ?"

"ಒಂದೂ ಸೀಳ್ತಿರಲಿಲ್ಲ ಕಣಮ್ಮಾ," ಎಂದಳು ಉದ್ದಕ್ಕ, ಇನ್ನೂ ನಗುತ್ತಲೇ.

"ತುಂಬ ಕಷ್ಟದ ಕೆಲಸಾನಾ ಅದು?"

"ಬಟ್ಟೆ ಹಿಂಡಿ ಸುತ್ತೋಕೆ ಏನು ಕಷ್ಟ? ಮಕ್ಕಳೂ ಮಾಡ್ತಾರೆ."

"ನಮ್ಮನೆಯವರದ್ದು?" ಎಂದಳು ಅತ್ತಿಗೆ.

ಆ ಮಾತಿನ ಅರ್ಥ ಒಬ್ಬರಾದ ಮೇಲೆ ಒಬ್ಬರಿಗೆ ತಲುಪಿತು. ಉದ್ದಕ್ಕನ ಮುಖದ ನಗು ಇಳಿಯಿತು. ಮೀಸೆ ಟೀ ಕೇಳದೆ ಹಿಂದಕ್ಕೆ ಸರಿದ. ಅಷ್ಟರಲ್ಲಿ ಹೆಣಕ್ಕೆ ಬಟ್ಟೆ ತೊಡಿಸಲು ಬಂದಿದ್ದವನು ಒಳಗಿನ ಕೋಣೆಯಿಂದ ಕರೆದ. "ಮನೆಯವರು ಯಾರಾದ್ರೂ ಸ್ವಲ್ಪ ಬನ್ನಿ."

ಅತ್ತಿಗೆ ಹೋದಳು. ಹೋಗುವಾಗ ತಂಗಿಯ ಮಣಿಕಟ್ಟು ಹಿಡಿದು ಎಳೆದುಕೊಂಡೇ ಹೋದಳು.

*

ಅಣ್ಣ ಎಡ ತೋಳಿಗೆ ಮಾತ್ರ ಅಂಗಿ ತೊಟ್ಟು ಮಲಗಿದ್ದ. ಬಲಗೈ ಮುಷ್ಟಿ ಬಿಗಿದಿತ್ತು. ತೊಡಿಸುವವನು ಬೆವರೊರೆಸಿಕೊಂಡ.

"ಅಂಗಿ ತೋಳು ಈ ಮುಷ್ಟಿ ದಾಟ್ತಿಲ್ಲ ಅಮ್ಮಾ. ರಾತ್ರಿಯಿಂದ ಬಿಗಿದುಬಿಟ್ಟಿದೆ. ಗಟ್ಟಿಯಾಗಿ ಒತ್ತಿದ್ರೆ ಬಿಡುತ್ತೆ. ಸ್ವಲ್ಪ ಸದ್ದು ಬರಬಹುದು, ನೀವು ಹೊರಗಿದ್ರೆ ಒಳ್ಳೇದು."

"ಬೇಡ. ನೀವೇ ಸ್ವಲ್ಪ ಹೊರಗಿರಿ," ಎಂದಳು ಅತ್ತಿಗೆ.

ಅವನು ಹೋದ ಮೇಲೆ ಬಾಗಿಲು ಮುಂದೆ ಮಾಡಿ ಮಂಚದ ಅಂಚಿಗೆ ಕೂತಳು. ತಂಗಿಯನ್ನು ನೋಡಲಿಲ್ಲ, ಗಂಡನನ್ನೇ ನೋಡುತ್ತ ಮಾತಾಡಿದಳು.

"ಆಗ ದಿನಾ ಸಂಜೆ ಬಂದು ಊಟದ ಮೇಜಿನ ಮೇಲೆ ಹಳೇ ಎಲೆ ಹರಡ್ಕೊಂಡು ಕೂರೋರು. ಸುತ್ತೋರು, ಬಿಚ್ಚೋರು. ಸಡಿಲ ಬರ್ತಾ ಇಲ್ಲ ಕಣೇ, ಕೈ ಮಾತು ಕೇಳ್ತಿಲ್ಲ ಅನ್ನೋರು. ನಾನು ಬೈದೆ. ನಿಮ್ಮ ಕೈಗೆ ಕೊಬ್ಬು, ಎಲ್ಲರೂ ಕಲಿತಿದ್ದನ್ನ ನಿಮಗೆ ಕಲಿಯೋಕೆ ಏನು ರೋಗ ಅಂದೆ. ಪಾಪ ಪುಟ್ಟಿ ಏನು ಮಾಡ್ತಾಳೆ, ಅವಳ ಕೆಲಸ ಅವಳು ಮಾಡಿದ್ಲು ಅಂದೆ. ಗಂಡನ ಎದುರಿಗೆ ನಿಂತು ನಿನ್ನ ಕಡೆ ಮಾತಾಡಿದೆ ನಾನು."

"ಜನ ಏನಂತಾರೋ ಅಂತ, ಅತ್ತಿಗೆ..."

"ಜನ ಹೊರಗೆ ಟೀ ಕುಡೀತಿದ್ದಾರೆ."

ತಂಗಿ ಗೋಡೆಗೆ ಒರಗಿದಳು. ಮೂರನೆಯ ಸಲ ಜನವೇ ಇರಲಿಲ್ಲ ಎಂಬುದನ್ನು ಹೇಳಿಬಿಡಬೇಕೆನಿಸಿತು. ಹೇಳಿದರೆ ಅವಳ ಎದೆ ಹಗುರಾಗುತ್ತಿತ್ತು, ಅತ್ತಿಗೆಯದು ಇನ್ನಷ್ಟು ಭಾರವಾಗುತ್ತಿತ್ತು. ಹೇಳದೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅವನಿಗೆ ಗೊತ್ತಿತ್ತಾ, ಬಟ್ಟೆ ವಿಷಯ?" ಎಂದು ಕೊನೆಗೆ ಕೇಳಿದಳು.

"ನಂಗೇನು ಗೊತ್ತು? ಮೀಸೆ ಪಕ್ಕದಲ್ಲೇ ಕೂತಿದ್ರು. ಮೀಸೆ ಹೊಟ್ಟೇಲಿ ಮಾತು ನಿಲ್ಲುತ್ತಾ? ಗೊತ್ತಿದ್ರೂ ಇರಬಹುದು." ಅತ್ತಿಗೆ ಗಂಡನ ಹಣೆಯ ಮೇಲಿನ ಕೂದಲು ಸರಿಸಿದಳು. "ನನ್ನ ಹತ್ರ ಹೇಳಲಿಲ್ಲ. ಹೇಳಿದ್ರೆ ನಾನು ನಿನ್ನನ್ನ ಮನೆ ಮೆಟ್ಟಿಲು ಹತ್ತಿಸ್ತಿರಲಿಲ್ಲ, ಅದು ಗೊತ್ತಿತ್ತು ಅವರಿಗೆ."

ಅವಳು ಎದ್ದು ಹೋಗಿ ಬೇಸಿನ್ನಿನಲ್ಲಿ ಬಿಸಿನೀರು ತಂದಳು. ಹೆಗಲ ಮೇಲೆ ಬಿಳಿ ಟವೆಲ್ಲಿತ್ತು. ಅದನ್ನು ಅದ್ದಿ, ಹಬೆಯಾಡುತ್ತಿದ್ದಂತೆಯೇ ಹಿಂಡಿದಳು. ತಾನು ಸುತ್ತಲಿಲ್ಲ, ಮಂಚದ ಮೇಲಿಂದ ತಂಗಿಯತ್ತ ಚಾಚಿದಳು.

"ಹಿಡಿ. ನಿನಗೆ ಗೊತ್ತಿರೋ ಕೆಲಸ."

ತಂಗಿ ಮಂಡಿಯೂರಿ ಕೂತು ಅಣ್ಣನ ಮುಷ್ಟಿಗೆ ಬಟ್ಟೆ ಸುತ್ತಿದಳು. ಮೊದಲು ಮಣಿಕಟ್ಟಿಗೆ, ಆಮೇಲೆ ಗೆಣ್ಣುಗಳ ಮೇಲೆ, ತುದಿಯನ್ನು ಹೆಬ್ಬೆರಳ ಕೆಳಗೆ ಸಿಕ್ಕಿಸಿ. ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು, ಒತ್ತಲಿಲ್ಲ.

"ಹೊತ್ತಾಯ್ತು, ಎತ್ತೋಣ್ವಾ?" ಎಂದು ಹೊರಗಿನಿಂದ ಬಡಗಿ ಕೂಗಿದ.

"ಇರಿ," ಎಂದಳು ಅತ್ತಿಗೆ.

ಕಿರುಬೆರಳು ಸ್ವಲ್ಪ ಸಡಿಲವಾಗಿತ್ತು. ಉಳಿದವು ಇನ್ನೂ ಬಿಟ್ಟಿರಲಿಲ್ಲ. ಬಟ್ಟೆ ತಣ್ಣಗಾಗಿತ್ತು. ತಂಗಿ ಬಿಚ್ಚಿ ಕೊಟ್ಟಳು. ಅತ್ತಿಗೆ ಅದನ್ನು ಮತ್ತೆ ಬಿಸಿನೀರಿಗೆ ಅದ್ದಿ, ಹಿಂಡಿ, ಅವಳ ಕೈಗಿತ್ತಳು.